ಮನಶ್ಶಾಸ್ತ್ರಜ್ಞರು ನಮ್ಮ ನಡುವೆ ಬಂದ ಬಗೆ

ಜ್ವರ ಬಂದರೆ, ಹಲ್ಲು ನೋವು ಕಾಣಿಸಿಕೊಂಡರೆ, ಕಣ್ಣು ಮಂಜಾದರೆ ಯಾರ ಬಳಿಗೆ ಹೋಗಬೇಕೆಂಬುದು ನಮಗೆಲ್ಲ ತಿಳಿದಿದೆ. ಆದರೆ ಮನೆಯ ಹಿರಿಯರೊಬ್ಬರು ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಕುಳಿತರೆ, ಚೆನ್ನಾಗಿ ಓದುತ್ತಿದ್ದ ಮಗ ಶಾಲೆಯ ಹೆಸರೆತ್ತಿದರೆ ನಡುಗಿದರೆ, ಬಾಣಂತಿ ಹೆಣ್ಣುಮಗಳು ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಯಾರ ಬಳಿಗೆ ಹೋಗಬೇಕು? ದೃಷ್ಟಿ ತೆಗೆಯುತ್ತೇವೆ, ಹರಕೆ ಹೊರುತ್ತೇವೆ, "ಧೈರ್ಯ ತಂದುಕೋ" ಎಂದು ಬುದ್ಧಿ ಹೇಳುತ್ತೇವೆ. ಇವೆಲ್ಲ ಮುಗಿದ ಮೇಲೆ ಯಾರಾದರೂ ಮನಶ್ಶಾಸ್ತ್ರಜ್ಞರ ಹೆಸರು ಹೇಳಿದರೆ "ಹಾಗಾದರೆ ನನಗೇನು ಹುಚ್ಚೇ?" ಎಂಬ ಮಾತು ಥಟ್ಟನೆ ಬರುತ್ತದೆ.

ಈ ಮಾತಿನ ಹಿಂದೆ ದೊಡ್ಡದೊಂದು ಇತಿಹಾಸವಿದೆ. ಮನಶ್ಶಾಸ್ತ್ರಜ್ಞ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ಗೋಡೆಯ ಆಸ್ಪತ್ರೆ. ವಾಸ್ತವವಾಗಿ ಮನಶ್ಶಾಸ್ತ್ರಜ್ಞರು ಹುಟ್ಟಿದ್ದು ಆ ಗೋಡೆಯೊಳಗಲ್ಲ, ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಮತ್ತು ಶಾಲೆಯ ಮಕ್ಕಳ ನಡುವೆ. ಕರ್ನಾಟಕದಲ್ಲಿಯೂ ಇದು ಹೀಗೆಯೇ ನಡೆಯಿತು. ಪರದೆಯ ಮೇಲಿನ ಮಾತುಕತೆಗೆ ಕಾಲದ ಮಿತಿಯಿರುವುದರಿಂದ ಈ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ. ಇದನ್ನು ತಿಳಿದುಕೊಂಡರೆ ಯಾರ ಬಳಿಗೆ, ಯಾವಾಗ ಹೋಗಬೇಕೆಂಬುದೂ ಸ್ಪಷ್ಟವಾಗುತ್ತದೆ.

ಗೋಡೆಯೊಳಗಿನ ಕಾಲ

ಉತ್ತರ ಕರ್ನಾಟಕದಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಎಂದು ನಗುವುದುಂಟು. ಬೆಂಗಳೂರಿನ ಕಡೆ ಅದೇ ಹಾಸ್ಯಕ್ಕೆ ನಿಮ್ಹಾನ್ಸ್ ಎಂಬ ಹೆಸರು ಬಳಕೆಯಾಗುತ್ತದೆ. ಧಾರವಾಡ ಮತ್ತು ಬೆಂಗಳೂರು ಎರಡೂ ಕಡೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮನೋರೋಗಿಗಳನ್ನು ಇರಿಸುವ ಸಂಸ್ಥೆಗಳಿದ್ದವು. ಆಗ ಅವುಗಳನ್ನು ಆಸ್ಪತ್ರೆ ಎಂದು ಕರೆಯುತ್ತಿರಲಿಲ್ಲ. 'ಲುನಾಟಿಕ್ ಅಸೈಲಂ', ಅಂದರೆ ಹುಚ್ಚರ ಆಶ್ರಯ ಎಂದೇ ಅವುಗಳ ಹೆಸರು. ಊರಿಗೆ ತೊಂದರೆ ಕೊಡುವವರನ್ನು, ಮನೆಯವರಿಗೆ ಬೇಡವಾದವರನ್ನು, ಬೀದಿಯಲ್ಲಿ ಅಲೆಯುವವರನ್ನು ಅಲ್ಲಿ ಕೂಡಿಹಾಕಲಾಗುತ್ತಿತ್ತು. ಬ್ರಿಟಿಷ್ ಭಾರತದಲ್ಲಿ 1912ರ ಕಾಯಿದೆಯ ಪ್ರಕಾರ ಇಂತಹವರ ದಾಖಲಾತಿಗೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. ಕಾಯಿಲೆಯೊಂದಕ್ಕೆ ನ್ಯಾಯಾಲಯದ ಕಾಗದ! ಪೊಲೀಸು, ಕಚೇರಿ, ಗೋಡೆ ಇವುಗಳ ಜೊತೆಗೆ ಮನೋರೋಗ ಬೆಸೆದುಕೊಂಡದ್ದು ಹೀಗೆ.

ಮೈಸೂರು ಸರ್ಕಾರ 1925ರಲ್ಲಿ ಬೆಂಗಳೂರಿನ ಅಸೈಲಂನ ಹೆಸರನ್ನು ಬದಲಿಸಿ 'ಮೆಂಟಲ್ ಹಾಸ್ಪಿಟಲ್' ಎಂದು ಕರೆಯಿತು. ಒಳಗಿರುವವರು ಕೈದಿಗಳಲ್ಲ, ರೋಗಿಗಳು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. 1930ರ ದಶಕದ ಉತ್ತರಾರ್ಧದಲ್ಲಿ ಆಸ್ಪತ್ರೆ ಈಗಿನ ವಿಶಾಲವಾದ ಆವರಣಕ್ಕೆ ಬಂದಿತು. ಆದರೂ ಅಲ್ಲಿದ್ದ ಪರಿಣತರು ವೈದ್ಯರು ಮತ್ತು ದಾದಿಯರು. ಮನಶ್ಶಾಸ್ತ್ರಜ್ಞ ಎಂಬ ಪ್ರತ್ಯೇಕ ವೃತ್ತಿಯವರು ಬಂದದ್ದು ಬೇರೊಂದು ದಾರಿಯಿಂದ.

ಪ್ರಯೋಗಶಾಲೆಯ ದಾರಿ

ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಆರಂಭಿಸಿದರು. ಬೆಳಕು ಕಂಡ ಎಷ್ಟು ಹೊತ್ತಿಗೆ ಕೈ ಚಲಿಸುತ್ತದೆ, ಗಮನ ಎಷ್ಟು ಕಾಲ ನಿಲ್ಲುತ್ತದೆ ಮುಂತಾದುವನ್ನು ಅಲ್ಲಿ ಅಳೆಯುತ್ತಿದ್ದರು. ರೋಗಿಗಳ ಮಾತೇ ಅಲ್ಲಿರಲಿಲ್ಲ. ಅವರ ಬಳಿ ಕಲಿತ ಅಮೆರಿಕದ ಲೈಟ್ನರ್ ವಿಟ್ಮರ್ ಈ ವಿದ್ಯೆಯಿಂದ ಯಾರಿಗಾದರೂ ನೆರವಾಗಬಹುದೇ ಎಂದು ಯೋಚಿಸಿ, 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದರು. ಅಲ್ಲಿಗೆ ಬಂದ ಮೊದಲನೆಯವನು ಯಾರು ಗೊತ್ತೆ? ಅಕ್ಷರಗಳನ್ನು ಸರಿಯಾಗಿ ಜೋಡಿಸಿ ಬರೆಯಲಾಗದ ಶಾಲಾ ಬಾಲಕ. ಅವನನ್ನು ಕರೆತಂದದ್ದು ಅವನ ಉಪಾಧ್ಯಾಯಿನಿ. ಮನಶ್ಶಾಸ್ತ್ರಜ್ಞರ ಬಳಿಗೆ ಹೋಗುವವರೆಲ್ಲ ಹುಚ್ಚರು ಎಂದು ಭಾವಿಸುವವರು ಈ ಬಾಲಕನನ್ನು ನೆನೆಯಬೇಕು. ಚಿಕಿತ್ಸಾ ಮನಶ್ಶಾಸ್ತ್ರ ಎಂಬ ಶಾಖೆ ಆರಂಭವಾದದ್ದೇ ಕಾಗುಣಿತದ ತೊಂದರೆಯಿಂದ.

ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಮೊದಲು ದೊರೆತದ್ದು ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ. ಅದರ ನಂತರದ ಹೆಸರು ಮೈಸೂರಿನದು. ಬ್ರಜೇಂದ್ರನಾಥ ಸೀಲ್ ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಮಾಪನಕ್ಕೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅವರು ಅಭ್ಯಾಸ ಮಾಡಿದ್ದರು.

ಗೋಪಾಲಸ್ವಾಮಿಯವರ ಹೆಸರನ್ನು ಪ್ರಸಾರ ಮಾಧ್ಯಮದವರಾದ ನಾವು ಇನ್ನೊಂದು ಕಾರಣಕ್ಕೂ ನೆನೆಯಬೇಕು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ಅವರು ಒಂದು ಬಾನುಲಿ ಕೇಂದ್ರವನ್ನು ನಡೆಸಿದರು. ಅದರ ಹೆಸರು ಆಕಾಶವಾಣಿ. ಮುಂದೆ ಅದೇ ಹೆಸರು ಇಡೀ ದೇಶದ ಬಾನುಲಿಗೆ ನಿಂತಿತು. ಮನಸ್ಸಿನ ಶಾಸ್ತ್ರವನ್ನು ಕಲಿಸುತ್ತಿದ್ದವರೊಬ್ಬರು ಜನರ ಮನೆಗೆ ಮಾತನ್ನು ತಲುಪಿಸುವ ಕೆಲಸಕ್ಕೂ ಕೈಹಾಕಿದ್ದು ನಮ್ಮ ನಾಡಿನ ಹೆಮ್ಮೆಯ ಸಂಗತಿ.

ಅತ್ತ ಧಾರವಾಡದ ಕಡೆ ಇನ್ನೊಂದು ಕೆಲಸ ನಡೆಯಿತು. ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯಲು ಫ್ರಾನ್ಸಿನ ಆಲ್‌ಫ್ರೆಡ್ ಬಿನೆ 1905ರಲ್ಲಿ ಪರೀಕ್ಷೆಯೊಂದನ್ನು ರೂಪಿಸಿದ್ದರು. ಪರದೇಶದ ಮಕ್ಕಳಿಗಾಗಿ ಮಾಡಿದ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಕೇಳಿದರೆ ಜಾಣ ಮಗುವೂ ದಡ್ಡನಂತೆ ಕಂಡೀತು. ಇದನ್ನು ಮನಗಂಡ ವಿ.ವಿ. ಕಾಮತರು 1930ರ ದಶಕದಲ್ಲಿ ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ ರೂಪಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ದೇಶದ ಹಲವೆಡೆ ಬಳಕೆಯಾಯಿತು. ಮನಸ್ಸನ್ನು ಅರಿಯಬೇಕಾದರೆ ಆ ಮನಸ್ಸು ಆಡುವ ಭಾಷೆಯಲ್ಲಿಯೇ ಮಾತನಾಡಿಸಬೇಕು ಎಂಬ ಪಾಠವನ್ನು ನಮ್ಮವರು ಅಷ್ಟು ಹಿಂದೆಯೇ ಕಲಿತಿದ್ದರು.

ಎರಡು ದಾರಿಗಳು ಕೂಡಿದ ಊರು

ಹೀಗೆ ಒಂದು ಕಡೆ ಆಸ್ಪತ್ರೆಯ ವೈದ್ಯರು, ಇನ್ನೊಂದು ಕಡೆ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು. ಇವರಿಬ್ಬರೂ ಒಂದೇ ಸೂರಿನಡಿ ಸೇರಿದ್ದು ಬೆಂಗಳೂರಿನಲ್ಲಿ. ಸ್ವಾತಂತ್ರ್ಯಕ್ಕೆ ಮುಂಚೆ ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರ ತನ್ನ ವರದಿಯಲ್ಲಿ ಮಾನಸಿಕ ಆರೋಗ್ಯಕ್ಕೆ ತರಬೇತಾದ ಸಿಬ್ಬಂದಿ ತೀರ ಕಡಿಮೆ ಎಂಬುದನ್ನು ಎತ್ತಿ ಹೇಳಿತ್ತು. ಅದರ ಫಲವಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಹೆಸರು ಒಂದೇ ಬಗೆಯಾದುದರಿಂದ ಇವರನ್ನೂ ಮೈಸೂರಿನ ಗೋಪಾಲಸ್ವಾಮಿಯವರನ್ನೂ ಒಬ್ಬರೇ ಎಂದುಕೊಳ್ಳುವುದುಂಟು. ಗೋವಿಂದಸ್ವಾಮಿಯವರು ವೈದ್ಯರು, ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಹೆಸರಿನಲ್ಲಿರುವಷ್ಟೇ ಅಂತರ ಈ ಎರಡು ವೃತ್ತಿಗಳ ನಡುವೆ ಎಂದು ಜನ ಇಂದಿಗೂ ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ.

1955ರಲ್ಲಿ ಈ ಸಂಸ್ಥೆಯಲ್ಲಿ ಮನೋವೈದ್ಯರಿಗೆ ಒಂದು, ಮನಶ್ಶಾಸ್ತ್ರಜ್ಞರಿಗೆ ಒಂದು ಹೀಗೆ ಎರಡು ತರಬೇತಿಗಳು ಆರಂಭವಾದವು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಕಲಿಯಲು ಬಂದರು. ದೇಶದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ವ್ಯವಸ್ಥಿತ ತರಬೇತಿ ಬೇರೂರಿದ್ದು ಹೀಗೆ. 1974ರ ಡಿಸೆಂಬರ್ 27ರಂದು ಈ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ರೂಪುಗೊಂಡಿತು.

ಈಗ ಇಬ್ಬರ ವ್ಯತ್ಯಾಸವನ್ನು ನೋಡೋಣ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಅನಂತರ ಮನೋವೈದ್ಯಶಾಸ್ತ್ರ ಕಲಿತವರು. ಅವರು ಔಷಧಿ ಬರೆದುಕೊಡುತ್ತಾರೆ, ಬೇಕಾದರೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ವೈದ್ಯ ಪದವೀಧರರಲ್ಲ, ಔಷಧಿ ಬರೆಯುವುದಿಲ್ಲ. ಬುದ್ಧಿಶಕ್ತಿ, ನೆನಪು, ಕಲಿಕೆ, ವ್ಯಕ್ತಿತ್ವ ಇವುಗಳನ್ನು ಪರೀಕ್ಷೆಗಳ ಮೂಲಕ ಅರಿಯುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ನೀಡುತ್ತಾರೆ. ಮಾತೆಂದರೆ ಬುದ್ಧಿವಾದವಲ್ಲ. ಒಂದು ಉದಾಹರಣೆ: ಬಸ್ಸು ಹತ್ತಲು ಭಯಪಡುವವರಿಗೆ "ಹೆದರಬೇಡ" ಎಂದು ಎಲ್ಲರೂ ಹೇಳುತ್ತಾರೆ. ಮನಶ್ಶಾಸ್ತ್ರಜ್ಞರು ಮೊದಲು ಭಯದ ಮೆಟ್ಟಿಲುಗಳನ್ನು ಪಟ್ಟಿ ಮಾಡಿಸುತ್ತಾರೆ. ನಿಲ್ದಾಣಕ್ಕೆ ಹೋಗಿ ಬರುವುದು, ನಿಂತ ಬಸ್ಸಿನಲ್ಲಿ ಕುಳಿತು ಇಳಿಯುವುದು, ಒಂದು ನಿಲುಗಡೆಯಷ್ಟು ದೂರ ಹೋಗುವುದು, ಹೀಗೆ. ಒಂದು ಮೆಟ್ಟಿಲಿನಲ್ಲಿ ಭಯ ಇಳಿದ ಮೇಲೆ ಮುಂದಿನದು. "ನಾನು ಬಿದ್ದು ಸಾಯುತ್ತೇನೆ" ಎಂದು ಒಳಗೆ ಓಡುವ ವಿಚಾರವನ್ನು ಹೊರಗೆಳೆದು, ಅದು ಎಷ್ಟು ನಿಜ ಎಂದು ರೋಗಿಯೊಂದಿಗೇ ಪರಿಶೀಲಿಸುತ್ತಾರೆ. ಇದಕ್ಕೆ ವಾರಕ್ಕೊಮ್ಮೆಯಂತೆ ಹಲವು ಭೇಟಿಗಳು ಬೇಕು, ಮನೆಯಲ್ಲಿ ಅಭ್ಯಾಸವೂ ಬೇಕು.

ಕೆಲವು ಕಾಯಿಲೆಗಳಲ್ಲಿ ಔಷಧಿಯೇ ಮುಖ್ಯ. ಇಲ್ಲದ ಧ್ವನಿಗಳು ಕೇಳಿಸುವುದು, ವಿಪರೀತ ಸಂಶಯ, ಹಲವು ದಿನ ನಿದ್ದೆಯಿಲ್ಲದ ಉದ್ರೇಕ ಇಂತಹ ಸ್ಥಿತಿಯಲ್ಲಿ ಮೊದಲು ಮನೋವೈದ್ಯರನ್ನೇ ಕಾಣಬೇಕು. ಭಯ, ಆತಂಕ, ಸೌಮ್ಯ ಖಿನ್ನತೆ, ಮಕ್ಕಳ ಕಲಿಕೆಯ ತೊಂದರೆ ಮುಂತಾದುವಕ್ಕೆ ಮನಶ್ಶಾಸ್ತ್ರಜ್ಞರ ನೆರವು ಬಹಳ ಉಪಯುಕ್ತ. ಅನೇಕರಿಗೆ ಇಬ್ಬರೂ ಬೇಕಾಗುತ್ತಾರೆ. ಯಾರನ್ನು ಮೊದಲು ಕಂಡರೂ ಇನ್ನೊಬ್ಬರ ಬಳಿಗೆ ಕಳುಹಿಸುವುದು ಅವರ ಕರ್ತವ್ಯ.

ಮನೆಯ ಬಾಗಿಲು ಮುಚ್ಚಿದಾಗ

ಚಿಕಿತ್ಸೆ ದೊರೆತರೆ ಸಾಕೆ? ಈ ಪ್ರಶ್ನೆಯನ್ನು ಕನ್ನಡಿಗರ ಮುಂದೆ ಗಟ್ಟಿಯಾಗಿ ಇಟ್ಟವರು ಲೇಖಕಿ ತ್ರಿವೇಣಿ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ್ದ ಅವರು ಆ ಅರಿವನ್ನು ಕಾದಂಬರಿಗೆ ತಂದರು. ಅವರ 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾಗುತ್ತಾಳೆ, ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಗಂಡನಾಗಲಿ ಬಂಧುಬಳಗವಾಗಲಿ ಅವಳನ್ನು ಹಿಂದಿನಂತೆ ಕಾಣುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರವಾಗಿಸಿದರು. ಕಲ್ಪನಾ ಅವರ ಅಭಿನಯವನ್ನು ಕಂಡು ಕಣ್ಣೀರು ಹಾಕಿದವರು ಲೆಕ್ಕವಿಲ್ಲ. ಆದರೆ ಕಾವೇರಿಗಾಗಿ ಅತ್ತ ನಾವು, ಪಕ್ಕದ ಮನೆಯ ಸೊಸೆ ಚಿಕಿತ್ಸೆ ಪಡೆದು ಬಂದಾಗ ಹೇಗೆ ನಡೆದುಕೊಂಡೆವು ಎಂಬುದನ್ನು ಕೇಳಿಕೊಳ್ಳಬೇಕು.

ವೈದ್ಯಲೋಕ ಈ ವಿಷಯದಲ್ಲಿ ಒಂದು ದಾರಿಯನ್ನು ಕಂಡುಕೊಂಡಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದಲ್ಲೇ ಗುಡಾರಗಳಲ್ಲಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲುಗೊಳ್ಳುವಂತೆ ಮಾಡಿದರು. ರೋಗ ಹೇಗೆ ಇಳಿಯುತ್ತದೆಂಬುದನ್ನು ಕಣ್ಣಾರೆ ಕಂಡ ಮನೆಯವರಿಗೆ ಭಯ ಕಡಿಮೆಯಾಯಿತು, ರೋಗಿಯನ್ನು ಮರಳಿ ಕರೆದೊಯ್ಯುವುದೂ ಸುಲಭವಾಯಿತು. ಕುಟುಂಬವನ್ನು ಜೊತೆಗಿರಿಸಿಕೊಳ್ಳುವ ಕ್ರಮ ಮುಂದೆ ಬೆಂಗಳೂರಿನಲ್ಲಿಯೂ ಬೆಳೆಯಿತು.

ಕನ್ನಡದ ಓದುಗರೂ ಈ ವಿಷಯಕ್ಕೆ ಬೆನ್ನು ತಿರುಗಿಸಲಿಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ನೂರಾರು ಪುಸ್ತಕ, ಲೇಖನಗಳನ್ನು ಬರೆದು ಮನೆಮನೆಗೆ ಈ ತಿಳಿವಳಿಕೆಯನ್ನು ಮುಟ್ಟಿಸಿದರು.

ಹಳ್ಳಿಯ ಕಡೆಗೆ

ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಎಷ್ಟೇ ಉತ್ತಮವಾದರೂ ಹಳ್ಳಿಯವರಿಗೆ ಅದು ದೂರವೇ. ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಖರ್ಚು, ರಾತ್ರಿ ತಂಗುವ ಚಿಂತೆ. 1970ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಸಾಮಾನ್ಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೇ ಮಾನಸಿಕ ಆರೋಗ್ಯದ ಪ್ರಾಥಮಿಕ ಪಾಠಗಳನ್ನು ಕಲಿಸುವ ಪ್ರಯತ್ನ ಮಾಡಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಅದನ್ನು ಇಡೀ ಜಿಲ್ಲೆಯೊಂದರಲ್ಲಿ ನಡೆಸಬಹುದೇ ಎಂದು ನೋಡಲು ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗಗಳನ್ನು ಗುರುತಿಸಿ ಔಷಧಿ ಕೊಡಲು ಕಲಿತರು. ಮನೆಮನೆಗೆ ಹೋಗುವ ಕಾರ್ಯಕರ್ತೆಯರು ಔಷಧಿ ಬಿಟ್ಟವರನ್ನು ಮರಳಿ ಕರೆತರುತ್ತಿದ್ದರು. ಈ ಬಳ್ಳಾರಿ ಮಾದರಿಯ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಇದರ ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹುದ್ದೆಯೂ ಇದೆ.

ಆದರೆ ಹುದ್ದೆಯಿದ್ದಲ್ಲೆಲ್ಲ ಜನ ಸಿಗುವುದಿಲ್ಲ. ತರಬೇತಾದ ಮನಶ್ಶಾಸ್ತ್ರಜ್ಞರು ಬಹುಮಟ್ಟಿಗೆ ನಗರಗಳಲ್ಲೇ ಉಳಿದಿದ್ದಾರೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ತೊಂದರೆಗಳಿರುವವರಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಹತ್ತು ಜನರಲ್ಲಿ ಏಳರಿಂದ ಒಂಬತ್ತು ಮಂದಿ ತಮ್ಮ ಸಂಕಟವನ್ನು ಒಬ್ಬರೇ ನುಂಗಿಕೊಂಡಿದ್ದರು. ತಜ್ಞರ ಕೊರತೆ ಇದಕ್ಕೆ ಒಂದು ಕಾರಣ. ನಾಚಿಕೆ ಮತ್ತು ತಿಳಿವಳಿಕೆಯ ಕೊರತೆ ಇನ್ನೊಂದು.

ಕಾನೂನು ಮಾತ್ರ ಬಹಳ ದೂರ ಬಂದಿದೆ. 1912ರ ಕಾಯಿದೆಯ ಜಾಗಕ್ಕೆ 1987ರ ಕಾಯಿದೆ ಬಂದಿತು. ಅದರ ಜಾಗಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂದು 2018ರ ಮೇ 29ರಂದು ಜಾರಿಯಾಯಿತು. ಸರ್ಕಾರದ ಸೇವೆಯಿಂದ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ ಈ ಕಾಯಿದೆ. ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕು, ವಿಮೆಯಲ್ಲಿ ದೇಹದ ಕಾಯಿಲೆಗಿರುವ ಸೌಲಭ್ಯ ಮನಸ್ಸಿನ ಕಾಯಿಲೆಗೂ ಇರಬೇಕು ಎಂದು ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದೂ ವಿಧಿಸುತ್ತದೆ. ಪೊಲೀಸು ಕೇಸಾಗುತ್ತದೆಂದು ಹೆದರಿ ಇಂತಹವರನ್ನು ಮನೆಯಲ್ಲೇ ಮುಚ್ಚಿಡುವ ಅಗತ್ಯವಿಲ್ಲ.

ನಾವು ಮಾಡಬೇಕಾದುದೇನು?

ನಿದ್ದೆ, ಊಟ, ಕೆಲಸ, ಮಾತುಕತೆ ಇವುಗಳಲ್ಲಿ ಆದ ಬದಲಾವಣೆ ಎರಡು ವಾರಕ್ಕೂ ಮೀರಿ ಉಳಿದರೆ ತಡಮಾಡದೆ ಸಲಹೆ ಪಡೆಯಿರಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಉಳಿದ ಕಾಯಿಲೆಗಳಿಗೆ ಮಾಡಿಸುವಂತೆಯೇ ಚೀಟಿ ಮಾಡಿಸಿ, ಮಾನಸಿಕ ಆರೋಗ್ಯ ವಿಭಾಗ ಎಲ್ಲಿದೆ ಎಂದು ಕೇಳಿ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಈ ವಿಭಾಗವಿರುತ್ತದೆ.

ಮನೆಯಿಂದ ಹೊರಡಲಾಗದವರಿಗೆ ದೂರವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು. ಶುಲ್ಕವಿಲ್ಲ. ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ವಿಚಾರ ಬರುತ್ತಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಅಂತಹ ಮಾತು ಆಡಿದರೆ, ಅದನ್ನು ಹಗುರವಾಗಿ ಕಾಣಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಕರೆ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ.

ಖಾಸಗಿಯಾಗಿ ಯಾರನ್ನಾದರೂ ಕಾಣುವಾಗ ಅವರ ತರಬೇತಿಯನ್ನು ವಿಚಾರಿಸಲು ಸಂಕೋಚ ಬೇಡ. ಆಪ್ತಸಲಹೆ ನೀಡುವವರೆಲ್ಲ ಚಿಕಿತ್ಸಾ ಮನಶ್ಶಾಸ್ತ್ರಜ್ಞರಲ್ಲ. 1992ರ ಕಾಯಿದೆಯ ಪ್ರಕಾರ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ನಿಜವಾದ ತಜ್ಞರು ಬೇಸರಪಡುವುದಿಲ್ಲ. ಮೊದಲ ಭೇಟಿಯಲ್ಲಿಯೇ ಶುಲ್ಕವೆಷ್ಟು, ಎಷ್ಟು ಬಾರಿ ಬರಬೇಕಾದೀತು, ಹೇಳಿದ್ದು ಎಷ್ಟರಮಟ್ಟಿಗೆ ಗುಟ್ಟಾಗಿ ಉಳಿಯುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ಭಾಷೆಯಲ್ಲಿ ಮಾತನಾಡುವವರು ಸಿಕ್ಕರೆ ಇನ್ನೂ ಒಳ್ಳೆಯದು. ಹರಕೆಯನ್ನೂ ಪೂಜೆಯನ್ನೂ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಅದು ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡಬಾರದು, ಅಷ್ಟೆ. ಮನೋವೈದ್ಯರು ಕೊಟ್ಟ ಔಷಧಿಯನ್ನು ಸ್ವಲ್ಪ ಗುಣ ಕಂಡೊಡನೆ ತಾವಾಗಿಯೇ ನಿಲ್ಲಿಸುವುದೂ ಅಪಾಯ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಚಿಕಿತ್ಸೆಗೆ ಹೊರಟವರ ಜೊತೆ ಒಬ್ಬರಾದರೂ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯಿರಿ. ಗುಣವಾಗಿ ಬಂದವರಿಗೆ ಮನೆಯ ಜವಾಬ್ದಾರಿಗಳನ್ನು ಮೆಲ್ಲನೆ ಮರಳಿ ಒಪ್ಪಿಸಿ. ಅವರ ಪ್ರತಿಯೊಂದು ನಗುವನ್ನೂ ಕೋಪವನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಬೇಡಿ. ಆಸ್ಪತ್ರೆಗಳು ತಮ್ಮ ಬಾಗಿಲು ತೆರೆಯಲು ನೂರು ವರ್ಷಗಳೇ ಬೇಕಾದವು. ನಮ್ಮ ಮನೆಯ ಬಾಗಿಲು ತೆರೆಯಲು ಅಷ್ಟು ಕಾಲ ಬೇಕಾಗಿಲ್ಲ.